ಮಸೂರದ ಬೆಲೆಯೂ ಅಕ್ಷರದ ಬೆಲೆಯೂ

೧. ವಿಷಯ

ಸಂಸ್ಕೃತದಲ್ಲಿ ಮಸೂರವೆಂದರೆ ಒಂದು ಧಾನ್ಯ. ನಮ್ಮ ಅಡಿಗೆಮನೆಗಳಲ್ಲಿ ಇದನ್ನು ಚನ್ನಂಗಿ ಬೇಳೆಯೆಂದು ಕರೆಯುವರು. ಎರಡು ಮಗ್ಗುಲಲ್ಲಿಯೂ ಉಬ್ಬಿ, ಅಂಚಿನಲ್ಲಿ ತೆಳುವಾಗಿ, ದುಂಡಗಿರುವ ಈ ಕಾಳಿಗೆ ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದು ಹೆಸರು. ಅದೇ ಆಕಾರದಲ್ಲಿ ತಿದ್ದಿದ ಗಾಜಿನ ಬಿಲ್ಲೆಗೂ ಪಾಶ್ಚಾತ್ಯರು ಆ ಕಾಳಿನ ಹೆಸರನ್ನೇ ಇಟ್ಟರು; ನಮ್ಮ ಪರಿಭಾಷೆಯನ್ನು ಕಟ್ಟಿದವರು ಆ ಹೆಸರನ್ನು ಮಸೂರವೆಂದು ತಿರುಗಿಸಿಕೊಂಡರು. ಹೀಗೆ ಹೆಸರೇನೋ ನಮ್ಮದಾಯಿತು. ಆದರೆ ಧಾನ್ಯವನ್ನು ಸೇರಿನಿಂದಳೆದು ಕೊಳ್ಳಬಲ್ಲ ನಾವು, ಗಾಜಿನ ಮಸೂರವನ್ನು ಯಾವ ಅಳತೆಯಿಂದ ಕೊಳ್ಳಬೇಕೆಂಬುದನ್ನು ಇನ್ನೂ ಸರಿಯಾಗಿ ಕಲಿತಿಲ್ಲ.

ವ್ಯಾಕರಣಾಲಂಕಾರಗಳಲ್ಲಿ ವಯಸ್ಸನ್ನು ಕಳೆದವನಿಗೆ ಛಾಯಾಗ್ರಾಹಕದ ಮಾತಿನಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಉತ್ತರವು ಸುಲಭವಾಗಿದೆ. ಹಿಂದೆ ಗ್ರಂಥಸಂಪಾದಕನು ಓಲೆಯ ಕಟ್ಟನ್ನು ಬಿಚ್ಚಿ ತನ್ನ ಕಣ್ಣಿನಿಂದಲೇ ಓದುತ್ತಿದ್ದನು. ಈಗ ಬಹುಮಟ್ಟಿಗೆ ನಾವು ಓದುವುದು ಓಲೆಯನ್ನಲ್ಲ, ಓಲೆಯ ಛಾಯಾಚಿತ್ರವನ್ನು. ಶಾಸನದ ವಿಷಯದಲ್ಲಿಯೂ ಹೀಗೆಯೇ. ಮಸೂರವು ಕಾಣದ ಅಕ್ಷರವನ್ನು ಸಂಪಾದಕನೂ ಕಾಣಲಾರನು. ಸಂಪಾದಕನು ಕಾಣದ ಅಕ್ಷರವು ಮುಂದಿನ ತಲೆಮಾರಿಗೆ ಇಲ್ಲವೇ ಇಲ್ಲ. ಆದುದರಿಂದ ಮಸೂರವೂ ಪಾಠನಿರ್ಣಯದ ಒಂದು ಸಾಧನವೇ ಆಗಿದೆ. ಅದರ ಗುಣದೋಷಗಳನ್ನು ವಿಚಾರಿಸುವುದು ಗ್ರಂಥಸಂಪಾದನಶಾಸ್ತ್ರದ ಹೊರಗಿನ ಕೆಲಸವಲ್ಲ.

ಈ ವಿಚಾರಕ್ಕೆ ನನ್ನನ್ನು ಎಳೆದುದು ಒಂದು ಸ್ವಾನುಭವ. ಅದನ್ನು ಮೊದಲು ನಿವೇದಿಸುವೆನು. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಮನೆಯಲ್ಲಿ ವ್ಯಾಕರಣವಿಷಯಕವಾದ ಒಂದು ಕನ್ನಡ ಟೀಕಿನ ಓಲೆಕಟ್ಟು ಇರುವುದೆಂದು ತಿಳಿದುಬಂದಿತು. ಅದನ್ನು ಚಿತ್ರೀಕರಿಸಲು ನಾನು ಒಂದು ಸಂಸ್ಥೆಯವರೊಡನೆ ಹೋಗಿದ್ದೆನು. ಅವರು ತಮ್ಮ ವರ್ಷದ ಹಣದಲ್ಲಿ ದೊಡ್ಡ ಪಾಲನ್ನು ವೆಚ್ಚಮಾಡಿ, ಅಂಗಡಿಯಲ್ಲಿದ್ದ ಮಸೂರಗಳಲ್ಲೆಲ್ಲ ಹೆಚ್ಚು ಬೆಲೆಯದನ್ನು ಕೊಂಡು ತಂದಿದ್ದರು. ಅಟ್ಟದ ಕೋಣೆಯಲ್ಲಿ ಬೆಳಕು ಸಾಲದಾಗಿದ್ದಿತು. ಮಸೂರದ ಬಾಯಿ ದೊಡ್ಡದು, ಕತ್ತಲೆಯಲ್ಲಿಯೂ ಕಾಣುವುದು, ಅದಕ್ಕಾಗಿಯೇ ಹಣ ಕೊಟ್ಟಿರುವುದು ಎಂದು ಎಲ್ಲರೂ ಸಮ್ಮತಿಸಿ, ಅದರ ಬಾಯನ್ನು ಪೂರ್ತಿಯಾಗಿ ತೆರೆದು, ಕೈಯಲ್ಲಿ ಹಿಡಿದೇ ಚಿತ್ರಗಳನ್ನು ತೆಗೆದೆವು. ಯಂತ್ರದ ಬೆನ್ನಿನ ಸಣ್ಣ ತೆರೆಯಲ್ಲಿ ಎಲ್ಲವೂ ಚೆನ್ನಾಗಿಯೇ ತೋರಿತು.

ಅನಂತರ ಮನೆಯಲ್ಲಿ ಕುಳಿತು ಓದತೊಡಗಿದಾಗ ಗರಿಗಳ ನಡುವಿನ ಅಕ್ಷರಗಳು ಕೆತ್ತಿದಂತೆ ಸ್ಫುಟವಾಗಿದ್ದುವು. ಎರಡು ತುದಿಗಳಲ್ಲಿ ನಾಲ್ಕೈದು ಅಕ್ಷರಗಳು ಮಂಜಿನಲ್ಲಿ ಮುಳುಗಿದ್ದುವು. ಒಂದು ಸ್ಥಳದಲ್ಲಿ ಸಾಲು 'ನಿತ್ಯ'ವೆಂಬ ಶಬ್ದದಿಂದ ಪ್ರಾರಂಭವಾಗುತ್ತಿದ್ದಿತು. ಅದರ ಹಿಂದಿನ ಸಾಲಿನ ಕೊನೆಯಲ್ಲಿ ಒಂದು ಅಕ್ಷರದ ನೆರಳು ಮಾತ್ರ ಉಳಿದಿದ್ದಿತು. ಲಿಪಿಕಾರರು ಶಬ್ದದ ನಡುವೆಯೇ ಸಾಲನ್ನು ಮುರಿಯುವರೆಂಬುದು ಎಲ್ಲರಿಗೂ ತಿಳಿದದ್ದೇ. ಆ ನೆರಳು ಅಕಾರವಾಗಿದ್ದರೆ ಟೀಕಾಕಾರನು ಆ ವಿಧಿಯನ್ನು ಅನಿತ್ಯವೆಂದು ಹೇಳಿದಂತಾಯಿತು. ಹಿಂದಿನ ಶಬ್ದದ ಅವಯವವಾಗಿದ್ದರೆ ನಿತ್ಯವೆಂದು ಹೇಳಿದಂತಾಯಿತು. ಶಾಸ್ತ್ರದಲ್ಲಿ ಇವೆರಡಕ್ಕೂ ಇರುವ ಅಂತರವು ಹೌದು ಅಲ್ಲಗಳ ಅಂತರ. ಓಲೆಯನ್ನೇ ಮತ್ತೆ ನೋಡೋಣವೆಂದು ಮಳೆಗಾಲ ಕಳೆದಮೇಲೆ ಹೋದರೆ, ಗೆದ್ದಲು ನಮಗಿಂತ ಮುಂಚೆ ಓದಿ ಮುಗಿಸಿದ್ದಿತು. ಈಗ ನನ್ನ ಪ್ರತಿಯಲ್ಲಿ ಆ ಸ್ಥಳದಲ್ಲಿ ಚುಕ್ಕೆಗಳಿವೆ.

೨. ಸಂಶಯ

ಈ ಪ್ರಸಂಗದಿಂದ ಒಂದು ಸಂಶಯವು ಹುಟ್ಟುವುದು: ವೃತ್ತಿಪರರು ಉಪಯೋಗಿಸುವ ಬಹುಮೂಲ್ಯವಾದ ಮಸೂರವು ಕೊಟ್ಟ ಬೆಲೆಗೆ ತಕ್ಕುದೋ ಅಲ್ಲವೋ?

ತಕ್ಕುದೇ ಎಂಬುವರ ಪಕ್ಷವು ಹೀಗಿದೆ. ಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗುವುದು, ಮಸೂರವು ಉಳಿಯುವುದು. ಚಿತ್ರದ ಸ್ಫುಟತೆಯು ಮಸೂರದಿಂದಲೇ ಬರುವುದು. ಅಗ್ಗದ್ದನ್ನು ಕೊಂಡವನು ಎರಡು ಸಲ ಕೊಳ್ಳುವನು. ಅಲ್ಲವೆಂಬುವರ ಪಕ್ಷವು ಹೀಗೆ: ಹೆಚ್ಚಿನ ಬೆಲೆಯಲ್ಲಿ ಬಹುಭಾಗವು ಹೆಸರಿಗೂ ಆಡಂಬರಕ್ಕೂ ಹೋಗುವುದು, ಒಳ್ಳೆಯ ಚಿತ್ರವು ತೆಗೆಯುವವನ ಕಣ್ಣಿನಿಂದ ಬರುವುದೇ ಹೊರತು ಗಾಜಿನಿಂದಲ್ಲ, ಸಾಧಾರಣವಾದ ಮಸೂರವೂ ಈಗ ಸಾಕಷ್ಟು ಚೆನ್ನಾಗಿರುವುದು. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಪಕ್ಷದವರು ಮಸೂರವೆಂಬುದು ಒಂದೇ ಜಾತಿಯ ವಸ್ತುವೆಂದೂ ಅದರಲ್ಲಿ ಉತ್ತಮ ಮಧ್ಯಮ ಅಧಮಗಳೆಂಬ ಒಂದೇ ಏಣಿಯಿರುವುದೆಂದೂ ಭಾವಿಸಿರುವರು. ಈ ಭಾವನೆಯು ಸರಿಯಲ್ಲವೆಂಬುದು ಮಸೂರದ ಇತಿವೃತ್ತವನ್ನು ನೋಡಿದರೆ ವಿಶದವಾಗುವುದು.

೩. ಮಸೂರದ ಇತಿವೃತ್ತ

ಮೊದಲು ಒಂದು ಪರಿಭಾಷೆ. ಮಸೂರದ ನಾಭಿದೂರವನ್ನು ಬೆಳಕು ಒಳಹೋಗುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಇಲ್ಲಿ ರಂಧ್ರಾಂಕವೆಂದು ಕರೆಯುವೆನು. ಈ ಸಂಖ್ಯೆಯು ಸಣ್ಣದಾದಷ್ಟೂ ಮಸೂರದ ಬಾಯಿ ದೊಡ್ಡದು, ಬೆಳಕು ಹೆಚ್ಚು. ಬೆಳಕು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ರಂಧ್ರಾಂಕವು ಅರ್ಧವಾದರೆ ಬೆಳಕು ನಾಲ್ಕು ಪಾಲಾಗುವುದು.

೧೮೩೯ರಲ್ಲಿ ಪ್ಯಾರಿಸಿನಲ್ಲಿ ಡಾಗೇರನ ಛಾಯಾಗ್ರಹಣವಿಧಾನವು ಪ್ರಕಟವಾದಾಗ ಅವನ ಯಂತ್ರದಲ್ಲಿದ್ದುದು ಷೆವಾಲಿಯೇ ಎಂಬವನು ಮಾಡಿದ ಮಸೂರ. ಅದರ ರಂಧ್ರಾಂಕವು ಹದಿನೈದರ ಸುಮಾರು. ಕಟ್ಟಡವಾದರೆ ಹಲವು ನಿಮಿಷಗಳ ಕಾಲ ನಿಂತೇ ಇರುವುದು. ಮನುಷ್ಯನು ಅಲುಗಾಡದೆ ಇರಲಾರನು. ಮುಖದ ಚಿತ್ರವನ್ನು ಬಯಸುವವರು ಬಹಳ ಮಂದಿ, ಅದನ್ನು ಕೊಡಬಲ್ಲ ಮಸೂರವಿಲ್ಲ. ಈ ಕೊರತೆಯನ್ನು ನೀಗಿಸಿದವನು ವಿಯೆನ್ನಾ ನಗರದಲ್ಲಿ ಗಣಿತದ ಅಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲನು. ಅದುವರೆಗೆ ಮಸೂರಗಳನ್ನು ಕುಶಲಕರ್ಮಿಗಳು ಹೆಚ್ಚಾಗಿ ಉಜ್ಜಿ, ನೋಡಿ, ಮತ್ತೆ ಉಜ್ಜಿ ಮಾಡುತ್ತಿದ್ದರು. ಪೆಟ್ಸ್‌ವಾಲನು ಫಿರಂಗಿದಳದ ಗಣಕರ ಸಹಾಯದಿಂದ ಕಿರಣಗಳ ದಾರಿಯನ್ನು ಕಾಗದದ ಮೇಲೆ ಲೆಕ್ಕಹಾಕಿ ಮಸೂರವನ್ನು ಕಲ್ಪಿಸಿದನು. ೧೮೪೦ರಲ್ಲಿ ಸಿದ್ಧವಾದ ಇದರ ರಂಧ್ರಾಂಕವು ೩.೬, ಹಿಂದಿನದಕ್ಕಿಂತ ಸುಮಾರು ಹದಿನಾರು ಪಾಲು ಹೆಚ್ಚು ಬೆಳಕು. ಇದನ್ನು ತಯಾರಿಸಿ ಮಾರಿದವನು ಫೋಗ್ಟ್‌ಲೆಂಡರನು. ಲಾಭವೆಲ್ಲ ಮಾರಿದವನಿಗೆ ಸೇರಿತು, ಲೆಕ್ಕ ಮಾಡಿದವನಿಗೆ ಒಂದು ಸಲದ ಸ್ವಲ್ಪ ಹಣ ಸಿಕ್ಕಿತು, ಇಬ್ಬರಿಗೂ ಜಗಳವಾಯಿತು. ಕೊಳ್ಳುವವನು ಕೊಟ್ಟ ಹಣವು ಬುದ್ಧಿಗೇ ಹೋಗುವುದೆಂಬ ನಿಯಮವು ಆಗಲೂ ಇರಲಿಲ್ಲ.

ಇಲ್ಲಿ ನಾವು ಗಮನಿಸತಕ್ಕ ವಿಷಯವೊಂದುಂಟು. ಪೆಟ್ಸ್‌ವಾಲನ ಮಸೂರದಲ್ಲಿ ಚಿತ್ರವು ಸಮತಲದಲ್ಲಿ ಬೀಳದೆ ಬಟ್ಟಲಿನಂತೆ ಬಾಗಿದ ತಲದಲ್ಲಿ ಬೀಳುವುದು. ಆದುದರಿಂದ ನಡುವೆ ಸ್ಫುಟತೆ, ಅಂಚಿನಲ್ಲಿ ಮಸುಕು. ಮುಖಚಿತ್ರಕ್ಕೆ ಇದು ದೋಷವಲ್ಲ. ಕಣ್ಣು ಮೂಗುಗಳು ಸ್ಫುಟವಾಗಿ ಹಿನ್ನೆಲೆಯು ಕರಗಿಹೋದರೆ ಅಂದವೇ. ಆದರೆ ಅದೇ ಮಸೂರದಿಂದ ಒಂದು ಶಾಸನವನ್ನು ತೆಗೆದರೆ ನಡುವಿನ ಅಕ್ಷರಗಳು ಮಾತ್ರ ಉಳಿಯುವುವು. ತನ್ನ ಕಾಲದ ಶ್ರೇಷ್ಠವಾದ ಮಸೂರವೇ ಒಂದು ಕೆಲಸಕ್ಕೆ ವರ, ಮತ್ತೊಂದಕ್ಕೆ ವ್ಯರ್ಥ. ಆಲಂಕಾರಿಕರು ಹೇಳುವ ನಿತ್ಯದೋಷ ಅನಿತ್ಯದೋಷಗಳ ವಿಭಾಗವನ್ನು ಇಲ್ಲಿ ನೆನೆಯಬಹುದು: ಶೃಂಗಾರದಲ್ಲಿ ದೋಷವಾದ ಶ್ರುತಿಕಟುತ್ವವು ರೌದ್ರದಲ್ಲಿ ಗುಣವಾಗುವಂತೆ.

೧೮೬೬ರಲ್ಲಿ ಜರ್ಮನಿಯಲ್ಲಿ ಸ್ಟೈನ್‌ಹೈಲನೂ ಇಂಗ್ಲೆಂಡಿನಲ್ಲಿ ಡಾಲ್‌ಮಾಯರನೂ, ರಂಧ್ರದ ಎರಡು ಕಡೆಗಳಲ್ಲಿಯೂ ಸಮರೂಪವಾದ ಗಾಜುಗಳನ್ನಿಟ್ಟು, ನೇರವಾದ ಗೆರೆಯನ್ನು ನೇರವಾಗಿಯೇ ತೋರಿಸುವ ಮಸೂರಗಳನ್ನು ಹೊರತಂದರು. ಆದರೂ ಅಂಚಿನ ಮಸುಕು ಪೂರ್ತಿಯಾಗಿ ಹೋಗಲಿಲ್ಲ. ಆಗ ದೊರೆಯುತ್ತಿದ್ದ ಗಾಜುಗಳಿಂದ ಅದು ಸಾಧ್ಯವೂ ಇರಲಿಲ್ಲ. ೧೮೮೪ರಲ್ಲಿ ಯೇನಾ ನಗರದಲ್ಲಿ ಅಬ್ಬೆ, ಷಾಟ್, ತ್ಸೈಸ್ ಎಂಬವರು ಸೇರಿ ಗಾಜಿನ ಕಾರ್ಖಾನೆಯನ್ನು ಸ್ಥಾಪಿಸಿ, ಬೇರಿಯಂ ಮೊದಲಾದ ದ್ರವ್ಯಗಳನ್ನು ಕೂಡಿಸಿ ಹೊಸ ಗಾಜುಗಳನ್ನು ಮಾಡಿದಮೇಲೆ ದಾರಿ ತೆರೆಯಿತು. ಆ ಗಾಜುಗಳಿಂದ ತ್ಸೈಸ್ ಕಾರ್ಖಾನೆಯ ಪೌಲ್ ರೂಡಾಲ್ಫನು ೧೮೯೦ರಲ್ಲಿ ನಡುವೂ ಅಂಚೂ ಒಂದೇ ಸಮತಲದಲ್ಲಿ ಸ್ಫುಟವಾಗಿ ಬೀಳುವ ಮಸೂರವನ್ನು ಕಲ್ಪಿಸಿದನು. ೧೮೯೬ರಲ್ಲಿ ಅವನೇ ಕಲ್ಪಿಸಿದ ಮತ್ತೊಂದಕ್ಕೆ ಸಮತಲದ ಗುಣದಿಂದಲೇ ಪ್ಲಾನಾರ್ ಎಂಬ ಹೆಸರು ಬಂದಿತು.

ಪ್ಲಾನಾರಿನ ಕಥೆಯು ಬೆಲೆಯ ವಿಚಾರಕ್ಕೆ ಬಹಳ ಉಪಯುಕ್ತವಾಗಿದೆ. ಅದರಲ್ಲಿ ಆರು ಗಾಜುಗಳು ನಾಲ್ಕು ಗುಂಪುಗಳಾಗಿ ಇರುವುವು. ಗಾಳಿಗೆ ತೆರೆದ ಮೈಗಳು ಎಂಟು. ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಹಿಂದಕ್ಕೆ ಹೊಡೆಯುವುದು. ಎಂಟು ಮೈಗಳನ್ನು ದಾಟುವಷ್ಟರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಬೆಳಕು ನಷ್ಟವಾಗುವುದು. ಅದರಲ್ಲಿ ಸ್ವಲ್ಪವು ಒಳಗೊಳಗೇ ಪುಟಿದು ಚಿತ್ರದ ಮೇಲೆ ಬೂದಿ ಎರಚಿದಂತೆ ಹರಡುವುದು. ಲೆಕ್ಕದಲ್ಲಿ ಉತ್ತಮವಾದ ಮಸೂರವು ಬಳಕೆಯಲ್ಲಿ ಹಿಂದೆ ಬಿದ್ದಿತು. ಅದೇ ಕಾಲದಲ್ಲಿ, ೧೮೯೩ರಲ್ಲಿ, ಯಾರ್ಕ್ ನಗರದ ಕುಕ್ ಕಾರ್ಖಾನೆಯಲ್ಲಿದ್ದ ಡೆನ್ನಿಸ್ ಟೇಲರನು ಮೂರೇ ಮೂರು ಗಾಜುಗಳಿಂದ ಬಹುಮಟ್ಟಿನ ದೋಷಗಳನ್ನು ಪರಿಹರಿಸುವ ಮಸೂರವನ್ನು ಕಲ್ಪಿಸಿದನು. ೧೯೦೨ರಲ್ಲಿ ರೂಡಾಲ್ಫನು ನಾಲ್ಕು ಗಾಜುಗಳ ಟೆಸ್ಸಾರ್ ಮಸೂರವನ್ನು ಮಾಡಿದನು. ಲಾಘವವೇ ಗುಣವೆಂದು ವೈಯಾಕರಣರು ಹೇಳುವಂತೆ, ಕೆಲವೇ ಗಾಜುಗಳ ಈ ಎರಡು ಕಲ್ಪನೆಗಳೂ ಅವುಗಳ ಅನುಕರಣಗಳೂ ಹಲವು ದಶಕಗಳ ಕಾಲ ಲೋಕದ ಸಾಧಾರಣ ಜನರ ಕೈಯಲ್ಲಿ ಕೆಲಸಮಾಡಿದುವು.

ಈ ಟೇಲರನೇ ಮತ್ತೊಂದು ವಿಚಿತ್ರವನ್ನು ಕಂಡನು. ಹಳತಾಗಿ ಮೈ ಮಾಸಿದ ಮಸೂರವು ಹೊಸದಕ್ಕಿಂತ ಹೆಚ್ಚು ಬೆಳಕನ್ನು ಬಿಡುವುದೆಂಬುದೇ ಅದು. ಮಾಸಿದ ತೆಳುಪೊರೆಯು ಪ್ರತಿಫಲನವನ್ನು ತಗ್ಗಿಸುತ್ತಿದ್ದಿತು. ಗ್ರಾಹಕರು ಮಾತ್ರ ಮಾಸಿದುದನ್ನು ಹಾಳಾದುದೆಂದು ತಿಳಿದು ದೂರುತ್ತಿದ್ದರು! ೧೯೩೫ರಲ್ಲಿ ತ್ಸೈಸ್ ಕಾರ್ಖಾನೆಯ ಸ್ಮಾಕುಲನು ನಿರ್ವಾತದಲ್ಲಿ ಗಾಜಿನ ಮೇಲೆ ಬಹು ತೆಳುವಾದ ಲೇಪವನ್ನು ಕೂರಿಸುವ ಕ್ರಮವನ್ನು ಕಂಡುಹಿಡಿದನು. ಲೇಪವು ಸಾಮಾನ್ಯವಾದಮೇಲೆ ನಾಲ್ಕು ದಶಕಗಳ ಹಿಂದಿನ ಪ್ಲಾನಾರ್ ಕಲ್ಪನೆಗೆ ಪುನರ್ಜನ್ಮ ಬಂದಿತು. ಈಗ ಐವತ್ತು ಮಿಲಿಮೀಟರಿನ ಅಗ್ಗದ ಮಸೂರಗಳಲ್ಲಿ ಬಹುಪಾಲು ಆ ವಂಶದವೇ. ಒಂದು ಕಾಲದ ಬಹುಮೂಲ್ಯವು ಮತ್ತೊಂದು ಕಾಲದ ಸಾಧಾರಣವಾಗುವುದೆಂಬುದು ಇದರಿಂದ ಸಿದ್ಧವಾಯಿತು.

ಇನ್ನು ನಮಗೆ ಅತ್ಯಂತ ಸಮೀಪವಾದ ದೃಷ್ಟಾಂತವು ಜಪಾನಿನದು. ಎರಡನೆಯ ಮಹಾಯುದ್ಧದ ತರುವಾಯ ಗ್ರಂಥಗಳನ್ನು ಕಿರಿದಾಗಿಸಿ ಫಿಲಮಿಗೆ ಇಳಿಸುವ ಕೆಲಸವು ಎಲ್ಲೆಡೆಯಲ್ಲಿಯೂ ಹಬ್ಬಿತು. ರೋಮನ್ ಲಿಪಿಯ ಪುಟಗಳಿಗೆ ಸಾಕಾಗಿದ್ದ ಮಸೂರಗಳು ಜಪಾನಿನ ಚೀನೀಮೂಲವಾದ ಲಿಪಿಯ ಮುಂದೆ ಸೋತುಹೋದುವು. ಒಂದೊಂದು ಅಕ್ಷರದಲ್ಲಿಯೂ ಹತ್ತು ಹದಿನೈದು ಗೀಟುಗಳು; ಕಿರಿದಾಗಿಸಿದಾಗ ಗೀಟುಗಳು ಒಂದರೊಳಗೊಂದು ಸೇರಿ ಮಸಿಯ ಮುದ್ದೆಯಾಗುವುವು. ಈ ತೊಂದರೆಯನ್ನು ಟೋಕಿಯೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕೋಆನರು ಎತ್ತಿ ಹೇಳಿದರು. ನಿಪ್ಪೋನ್ ಕೋಗಾಕು ಸಂಸ್ಥೆಯ ವಾಕಿಮೋಟೋ ಅವರು ಅದಕ್ಕೆಂದೇ ಐದು ಸೆಂಟಿಮೀಟರ್ ನಾಭಿದೂರದ ಮೈಕ್ರೋ ನಿಕ್ಕರ್ ಎಂಬ ಮಸೂರವನ್ನು ಕಲ್ಪಿಸಿದರು; ಅದು ೧೯೫೬ರಲ್ಲಿ ಹೊರಬಂದಿತು. ಅದರ ರಂಧ್ರಾಂಕವು ೩.೫, ಅಂದರೆ ಪೆಟ್ಸ್‌ವಾಲನ ಕಾಲದಷ್ಟೇ. ಬೆಳಕಿನ ಆಸೆಯನ್ನು ಬಿಟ್ಟು, ಹತ್ತಿರದ ಚಪ್ಪಟೆಯಾದ ವಸ್ತುವನ್ನು ಅಂಚಿನವರೆಗೂ ಸ್ಫುಟವಾಗಿ ತೋರಿಸುವುದೊಂದನ್ನೇ ಅದು ವ್ರತವಾಗಿ ಹಿಡಿದಿದ್ದಿತು. ಲಿಪಿಯು ಮಸೂರವನ್ನು ಹುಟ್ಟಿಸಿದ ಈ ಕಥೆಯು, ಒತ್ತಕ್ಷರಗಳೂ ಸೊನ್ನೆಗಳೂ ಮಹಾಪ್ರಾಣದ ಸೀಳುಗಳೂ ತುಂಬಿದ ಲಿಪಿಯನ್ನುಳ್ಳ ನಮಗೆ ಪಾಠವಾಗಿರಬೇಕು.

೪. ನಮ್ಮ ನಾಡಿನ ಶಾಸನಗಳೂ ಛಾಯಾಗ್ರಹಣವೂ

ಕನ್ನಡನಾಡಿಗೆ ಛಾಯಾಗ್ರಹಣವು ಬೇಗನೆ ಬಂದಿತು. ೧೮೫೪ರ ಕೊನೆಯಲ್ಲಿ ಲಿನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. ೧೮೫೬ರಲ್ಲಿ ಗ್ರೀನ್‌ಲಾ ಎಂಬವನು ಮೇಣ ಹಚ್ಚಿದ ದೊಡ್ಡ ಕಾಗದದ ಹಾಳೆಗಳ ಮೇಲೆ ಹಂಪೆಯನ್ನು ಮೂಡಿಸಿದನು. ಆ ಹಾಳೆಗಳಲ್ಲಿ ಕಾಣುವ ಕೆಲವು ಭಾಗಗಳು ಈಗ ಸ್ಥಳದಲ್ಲಿ ಅದೇ ರೂಪದಲ್ಲಿ ಉಳಿದಿಲ್ಲ.

ಟ್ರೈಪನು ಮುಂದೆ ಮದರಾಸು ಸರಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡನು. ೧೮೫೮ರಲ್ಲಿ ಅವನು ತಂಜಾವೂರಿನ ಬೃಹದೀಶ್ವರ ದೇವಾಲಯದ ವಿಮಾನದ ಬುಡದ ಸುತ್ತಲಿನ ಶಾಸನವನ್ನು ಸಾಲಾಗಿ ಚಿತ್ರಿಸಿ, ಇಪ್ಪತ್ತೊಂದು ಚಿತ್ರಗಳನ್ನು ಒಂದಕ್ಕೊಂದು ಅಂಟಿಸಿ, ಸುಮಾರು ೧೯ ಅಡಿ ಉದ್ದದ ಸುರುಳಿಯನ್ನು ಮಾಡಿದನು. ಇಡಿಯ ಶಾಸನವನ್ನು ಒಂದೇ ಚಿತ್ರದಲ್ಲಿ ಹಿಡಿಯಬಲ್ಲ ಮಸೂರವನ್ನು ಅವನು ಹುಡುಕಲಿಲ್ಲ. ತನ್ನ ಮಸೂರವು ಎಷ್ಟನ್ನು ಚೆನ್ನಾಗಿ ಕಾಣುವುದೋ ಅಷ್ಟಷ್ಟನ್ನೇ ತೆಗೆದು, ನಡೆಯುತ್ತ ಹೋಗಿ, ಜೋಡಿಸಿದನು. ಸಾಧನದ ಕೊರತೆಯನ್ನು ಕ್ರಮದಿಂದ ತುಂಬಿಕೊಳ್ಳುವುದೆಂದರೆ ಇದು. ಮರುವರ್ಷ ಮದರಾಸಿಗೆ ಗವರ್ನರಾಗಿ ಬಂದ ಚಾರ್ಲ್ಸ್ ಟ್ರೆವೆಲಿಯನ್ನನು, ಬೊಕ್ಕಸದ ಆಗಿನ ಸ್ಥಿತಿಗೆ ಛಾಯಾಗ್ರಹಣವು ತಕ್ಕುದಲ್ಲದ ಭೋಗವೆಂದು ಎಣಿಸಿ ಆ ಕೆಲಸವನ್ನು ನಿಲ್ಲಿಸಿಬಿಟ್ಟನು. ನಮ್ಮ ಪೂರ್ವಪಕ್ಷದ ಎರಡನೆಯ ವಾದವು ಈ ನಾಡಿನಲ್ಲಿ ಅಂದೇ ಆಳರಸರ ಬಾಯಿಂದ ಬಂದಿತೆಂಬುದನ್ನು ಕಾಣಬಹುದು. ಆ ಉಳಿತಾಯದಿಂದ ಎಷ್ಟು ಶಾಸನಗಳು ಚಿತ್ರವಾಗದೆ ಹೋದುವೋ!

ಮೈಸೂರಿನ ಕಥೆಯು ಇದಕ್ಕೆ ಪ್ರತಿಯಾದುದು. ೧೮೬೫ರಲ್ಲಿ ಕಮೀಷನರ್ ಬೌರಿಂಗ್ ಸಾಹೇಬರ ಆಜ್ಞೆಯಂತೆ ಮೇಜರ್ ಡಿಕ್ಸನ್ ಎಂಬವರು ಮೈಸೂರು ದೇಶದ ನೂರೈವತ್ತು ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಅವುಗಳನ್ನು ಓದುವ ಕೆಲಸವು ರೈಸ್ ಸಾಹೇಬರಿಗೆ ಬಂದಿತು. ಅದರ ಫಲವಾಗಿ ಮೈಸೂರು ಶಾಸನಗಳ ಅನುವಾದಗ್ರಂಥವು ೧೮೭೯ರಲ್ಲಿ ಪ್ರಕಟವಾಯಿತು. ೧೮೮೬ರಲ್ಲಿ ಮೊದಲಾದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗೆ ಈ ಓದೇ ಪೂರ್ವಪೀಠಿಕೆಯೆನ್ನಬಹುದು. ನಮ್ಮ ಶಾಸನಶಾಸ್ತ್ರದ ಬಾಗಿಲಲ್ಲಿ ಹೀಗೆ ಒಂದು ಮಸೂರವು ನಿಂತಿದೆ.

ಶಾಸನಗಳ ಚಿತ್ರವನ್ನು ತೆಗೆದವರೆಲ್ಲರಿಗೂ ತಿಳಿದ ಒಂದು ಮಾತನ್ನು ಇಲ್ಲಿ ಹೇಳಬೇಕು. ಕಲ್ಲಿನ ಅಕ್ಷರಕ್ಕೆ ಬಣ್ಣವಿಲ್ಲ. ಅದು ನೆರಳಿನಿಂದ ಮಾತ್ರ ಕಾಣುವುದು. ನಡುಹಗಲಿನಲ್ಲಿ ಎದುರುಬೆಳಕಿನಲ್ಲಿ ತೆಗೆದರೆ ಎಷ್ಟು ಬೆಲೆಯ ಮಸೂರವಾದರೂ ಬರಿಯ ಕಲ್ಲನ್ನೇ ತೋರಿಸುವುದು. ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ, ಇಲ್ಲವೆ ಒಂದು ಮಗ್ಗುಲಿಂದ ದೀಪವನ್ನಿಟ್ಟು ತೆಗೆದರೆ, ಸಾಧಾರಣವಾದ ಮಸೂರದಲ್ಲಿಯೂ ಅಕ್ಷರಗಳು ಎದ್ದುನಿಲ್ಲುವುವು. ಬೆಳಕನ್ನು ಕಾದು ನಿಲ್ಲುವುದಕ್ಕೆ ತಾಳ್ಮೆ ಬೇಕು. ಅದನ್ನು ಅಂಗಡಿಯವರು ಮಾರುವುದಿಲ್ಲ.

೫. ಬೆಲೆಯ ಕಾರಣ

ಇನ್ನು ಬೆಲೆಯು ಏಕೆ ಏರುವುದೆಂಬುದನ್ನು ನೋಡೋಣ. ಒಂದೇ ಸಂಸ್ಥೆಯ, ಒಂದೇ ನಾಭಿದೂರದ ಎರಡು ಮಸೂರಗಳನ್ನು ತೆಗೆದುಕೊಳ್ಳುವೆನು. ಕ್ಯಾನನ್ ಸಂಸ್ಥೆಯವರು ೨೦೧೮ರಲ್ಲಿ ಹೊರತಂದ ಐವತ್ತು ಮಿಲಿಮೀಟರಿನ, ೧.೨ ರಂಧ್ರಾಂಕದ ಮಸೂರಕ್ಕೆ ಅಮೆರಿಕದಲ್ಲಿ ಇಟ್ಟ ಬೆಲೆ ೨,೨೯೯ ಡಾಲರು. ಅವರೇ ೨೦೨೦ರಲ್ಲಿ ಹೊರತಂದ, ೧.೮ ರಂಧ್ರಾಂಕದ ಮಸೂರಕ್ಕೆ ಇಟ್ಟ ಬೆಲೆ ಸುಮಾರು ೨೦೦ ಡಾಲರು. ಮೊದಲನೆಯದರಲ್ಲಿ ಹದಿನೈದು ಗಾಜುಗಳು, ತೂಕ ೯೫೦ ಗ್ರಾಂ. ಎರಡನೆಯದರಲ್ಲಿ ಆರು ಗಾಜುಗಳು, ತೂಕ ೧೬೦ ಗ್ರಾಂ. ಬೆಲೆಯು ಹನ್ನೊಂದು ಪಾಲಿಗಿಂತ ಹೆಚ್ಚು, ತೂಕವು ಸುಮಾರು ಆರು ಪಾಲು, ಬೆಳಕು ಮಾತ್ರ ಎರಡೂಕಾಲು ಪಾಲು.

ಬರಿಯ ಲೆಕ್ಕದಿಂದ ನೋಡಿದರೆ ಇದು ಮೋಸವೆಂದು ತೋರಬಹುದು, ಹಾಗಲ್ಲ. ಮಸೂರದ ಬಾಯಿ ಅಗಲವಾದಷ್ಟೂ ಅಂಚಿನ ಕಿರಣಗಳು ದಾರಿತಪ್ಪುವುದು ಹೆಚ್ಚು. ಅವುಗಳನ್ನು ಒಂದೇ ಬಿಂದುವಿಗೆ ತರಲು ಗಾಜಿನ ಮೇಲೆ ಗಾಜನ್ನು ಸೇರಿಸಬೇಕು. ಕೆಲವು ಮೈಗಳನ್ನು ಗೋಳಾಕಾರದಿಂದ ತಪ್ಪಿಸಿ ತಿದ್ದಬೇಕು. ಬಣ್ಣಗಳನ್ನು ಕಡಮೆಯಾಗಿ ಚೆದರಿಸುವ ವಿಶೇಷವಾದ ಗಾಜನ್ನೋ ಫ್ಲೂರೈಟ್ ಸ್ಫಟಿಕವನ್ನೋ ಉಪಯೋಗಿಸಬೇಕು. ಎಲ್ಲವನ್ನೂ ಕೂದಲೆಳೆಯ ಅಂತರವೂ ತಪ್ಪದಂತೆ ಕೂಡಿಸಬೇಕು. ಧೂಳೂ ನೀರೂ ಹೋಗದಂತೆ ಮುಚ್ಚಬೇಕು. ಕೊಳ್ಳುವವರು ಕೆಲವರೇ ಆದುದರಿಂದ ಈ ವೆಚ್ಚವೆಲ್ಲ ಕೆಲವರ ಮೇಲೆಯೇ ಬೀಳುವುದು. ಕೊನೆಯ ಮೆಟ್ಟಿಲು ಎಲ್ಲ ವಿದ್ಯೆಗಳಲ್ಲಿಯೂ ದುಬಾರಿಯೇ: ಅಮರವನ್ನು ಬಾಯಿಪಾಠಮಾಡಲು ಎರಡು ವರ್ಷ ಸಾಕು, ಭಾಷ್ಯವು ಕೈಗೂಡಲು ಹನ್ನೆರಡು ವರ್ಷವೂ ಸಾಲದು.

ಆದರೆ ಈ ಹೆಚ್ಚಿನ ಗುಣವು ಕಾಣುವುದು ಮುಖ್ಯವಾಗಿ ಬಾಯನ್ನು ಪೂರ್ತಿ ತೆರೆದಾಗ. ಎರಡು ಮಸೂರಗಳ ರಂಧ್ರವನ್ನೂ ಕಿರಿದುಮಾಡಿ ಎಂಟಕ್ಕೆ ತಂದರೆ ವ್ಯತ್ಯಾಸವು ಬಹಳ ಕಡಮೆಯಾಗುವುದು. ಇನ್ನೂ ಕಿರಿದುಮಾಡಿ ಹದಿನಾರಕ್ಕೆ ತಂದರೆ ಬೆಳಕಿನ ಅಲೆಯ ಸ್ವಭಾವವೇ ಅಡ್ಡಬಂದು, ಒಂದು ಬಿಂದುವು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು ಅಗಲದ ಬಿಲ್ಲೆಯಾಗಿ ಹರಡುವುದು. ಇದನ್ನು ಯಾವ ಗಾಜೂ ತಪ್ಪಿಸಲಾರದು. ಅಲ್ಲಿ ಬಡವನ ಮಸೂರವೂ ಧನಿಕನ ಮಸೂರವೂ ಸಮಾನ.

೬. ಸಿದ್ಧಾಂತ

ಈಗ ಮೊದಲು ಹೇಳಿದ ಅಟ್ಟದ ಕೋಣೆಗೆ ಹಿಂದಿರುಗೋಣ. ಒಂದು ಅಡಿಗಿಂತ ಸ್ವಲ್ಪ ಉದ್ದವಾದ ಗರಿಯು ಚಿತ್ರದ ಅಗಲವನ್ನು ತುಂಬುವಂತೆ, ೧.೪ ರಂಧ್ರಾಂಕದಲ್ಲಿ ತೆಗೆದರೆ, ಅಕ್ಷರವನ್ನು ಓದಬಲ್ಲ ಸ್ಫುಟತೆಯು ಮೇಲೆಕೆಳಗೆ ಒಟ್ಟು ಮೂರು ಮಿಲಿಮೀಟರಿನಷ್ಟು ಆಳಕ್ಕೆ ಮಾತ್ರ ಇರುವುದು. ಹಳೆಯ ಗರಿಯಾದರೋ ಎಂದೂ ಚಪ್ಪಟೆಯಾಗಿರುವುದಿಲ್ಲ. ತುದಿಗಳು ಬೆರಳಿನ ದಪ್ಪದಷ್ಟು ಮೇಲೆದ್ದಿರುವುವು. ನಮ್ಮ ತುದಿಯ ಅಕ್ಷರಗಳು ಹೋದುದು ಹೀಗೆ. ರಂಧ್ರಾಂಕವನ್ನು ಎಂಟಕ್ಕೆ ತಂದಿದ್ದರೆ ಆ ಆಳವು ಹದಿನೇಳು ಮಿಲಿಮೀಟರಿಗೆ ಏರುತ್ತಿದ್ದಿತು. ಬೆಳಕು ಮೂವತ್ತೆರಡು ಪಾಲು ಕಡಮೆಯಾಗುವುದು ನಿಜ. ಸೆಕೆಂಡಿನ ಅರುವತ್ತನೆಯ ಒಂದು ಪಾಲಿನ ಬದಲು ಅರ್ಧ ಸೆಕೆಂಡು ಬೇಕಾಗುತ್ತಿದ್ದಿತು. ಅದರಿಂದೇನು? ಓಲೆಯು ಓಡಿಹೋಗುವ ವಸ್ತುವಲ್ಲ. ಯಂತ್ರವನ್ನು ನಿಲ್ಲಿಸಲು ಒಂದು ಗಟ್ಟಿಯಾದ ಮುಕ್ಕಾಲಿಯಿದ್ದರೆ ಸಾಕಾಗಿದ್ದಿತು. ನಾವು ಬೆಳಕಿಗಾಗಿ ಕೊಟ್ಟ ಹಣವು ನಮಗೆ ಬೇಡವಾದುದನ್ನು ಕೊಂಡಿತು. ಆ ಬೇಡವಾದುದನ್ನು ಉಪಯೋಗಿಸಿಯೇ ತೀರಬೇಕೆಂಬ ಹಟವು ಬೇಕಾದುದನ್ನು ಕಳೆಯಿತು. ಅಪರಾಧವು ಮಸೂರದ್ದಲ್ಲ, ನಮ್ಮದು. ಅಲ್ಲಿದ್ದವರಲ್ಲಿ ನಾನೂ ಒಬ್ಬನು.

ಹಾಗಾದರೆ ಬಹುಮೂಲ್ಯವಾದ ಮಸೂರವು ಎಲ್ಲಿಯೂ ವ್ಯರ್ಥವೆನ್ನೋಣವೇ? ಅದೂ ತಪ್ಪು. ನಾಗರಹೊಳೆಯ ಕಾಡಿನಲ್ಲಿ ಮುಸ್ಸಂಜೆಯ ಹೊತ್ತು ಹಾದಿ ದಾಟುವ ಚಿರತೆಯು ಅರ್ಧ ಸೆಕೆಂಡು ನಿಲ್ಲುವುದಿಲ್ಲ. ಅದನ್ನು ಚಿತ್ರಿಸಿ ಜೀವನ ಮಾಡುವವನಿಗೆ ದೊಡ್ಡ ಬಾಯಿಯ ದೂರಮಸೂರವು ಭೋಗವಲ್ಲ, ನೇಗಿಲು. ೧೯೭೫ರಲ್ಲಿ ಬಿಡುಗಡೆಯಾದ ಬ್ಯಾರಿ ಲಿಂಡನ್ ಎಂಬ ಚಲನಚಿತ್ರದಲ್ಲಿ ಕ್ಯೂಬ್ರಿಕ್ ಎಂಬ ನಿರ್ದೇಶಕನು ಹದಿನೆಂಟನೆಯ ಶತಮಾನದ ಕೋಣೆಗಳನ್ನು ಮೇಣದ ಬತ್ತಿಗಳ ಬೆಳಕಿನಲ್ಲಿಯೇ ತೋರಿಸಬೇಕೆಂದು, ಅಮೆರಿಕದ ಅಂತರಿಕ್ಷಸಂಸ್ಥೆಗಾಗಿ ತ್ಸೈಸ್ ಸಂಸ್ಥೆಯವರು ಮಾಡಿದ್ದ ೦.೭ ರಂಧ್ರಾಂಕದ ಅತಿವಿರಳವಾದ ಮಸೂರಗಳನ್ನು ಸಂಪಾದಿಸಿಕೊಂಡನು. ಅವನ ಪ್ರಯೋಜನವು ಬೇರೆ ಯಾವುದರಿಂದಲೂ ಸಿದ್ಧಿಸುತ್ತಿರಲಿಲ್ಲ; ಆದುದರಿಂದ ಆ ವೆಚ್ಚವು ಸಾರ್ಥಕ.

ಇಷ್ಟರಿಂದ ಸಿದ್ಧಾಂತವು ಹೀಗೆ ನಿಲ್ಲುವುದು. ಮಸೂರದ ಬೆಲೆಯು ತಕ್ಕುದೋ ಅಲ್ಲವೋ ಎಂಬ ಪ್ರಶ್ನೆಗೆ ಮಸೂರವನ್ನು ನೋಡಿ ಉತ್ತರ ಹೇಳಲಾಗದು. ಪ್ರಯೋಜನವನ್ನು ನೋಡಿ ಹೇಳಬೇಕು. ಕ್ರಮವಾಗಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕುದು. ಮೊದಲನೆಯದು: ನನ್ನ ಕೆಲಸವು ಸಾಧಾರಣವಾದ ಮಸೂರದಿಂದ ನಿಜವಾಗಿ ಸಾಧ್ಯವಿಲ್ಲವೇ, ಅಥವಾ ಬೆಳಕನ್ನೂ ಮುಕ್ಕಾಲಿಯನ್ನೂ ಕ್ರಮವನ್ನೂ ಸರಿಪಡಿಸಿದರೆ ಸಾಧ್ಯವೇ? ಎರಡನೆಯದು: ಕೆಲಸವು ಕೆಟ್ಟರೆ ಮತ್ತೆ ಮಾಡಬಹುದೇ? ಮನೆಯ ತೋಟದ ಹೂವನ್ನು ನಾಳೆ ಮತ್ತೆ ತೆಗೆಯಬಹುದು. ಗೆದ್ದಲು ಹತ್ತಿದ ಓಲೆಯನ್ನು ತೆಗೆಯಲಾಗದು. ಹಿಂದಿರುಗಿ ಬಾರದ ವಸ್ತುವಿನ ಮುಂದೆ ಸ್ವಲ್ಪ ಹೆಚ್ಚಾಗಿ ವೆಚ್ಚಮಾಡುವುದು ಜಿಪುಣನಿಗೂ ಲಾಭವೇ. ಮೂರನೆಯದು: ವರ್ಷದಲ್ಲಿ ಎಷ್ಟು ದಿನ ಅದು ಕೆಲಸ ಮಾಡುವುದು? ನಾಲ್ಕು ದಿನದ ಕೆಲಸವಾದರೆ ದೊಡ್ಡ ಪಟ್ಟಣಗಳಲ್ಲಿ ಬಾಡಿಗೆಗೆ ದೊರೆಯುವುದು; ಕೊಳ್ಳಬೇಕಾದುದಿಲ್ಲ.

ಮಸೂರವು ಬಾಳುವುದೆಂಬ ಮೊದಲನೆಯ ಪಕ್ಷದ ಮಾತಿಗೂ ಒಂದು ಮಿತಿಯುಂಟು. ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ತೇವದಿಂದ ಗಾಜಿನ ಮೇಲೆ ಬೂಷ್ಟು ಬೆಳೆದು ಲೇಪವನ್ನು ತಿನ್ನುವುದು. ಅದು ಬೆಲೆಯನ್ನು ಕೇಳಿ ಬರುವುದಿಲ್ಲ. ತೇವವನ್ನು ಹೀರುವ ಸಿಲಿಕಾ ಹರಳುಗಳನ್ನಿಟ್ಟ ಬಿಗಿಯಾದ ಪೆಟ್ಟಿಗೆಯಲ್ಲಿ ಕಾಪಾಡಿದ ಅಗ್ಗದ ಮಸೂರವು, ಬೀರುವಿನ ಮೂಲೆಯಲ್ಲಿ ಚರ್ಮದ ಚೀಲದಲ್ಲಿ ಮರೆತಿಟ್ಟ ದುಬಾರಿಯ ಮಸೂರಕ್ಕಿಂತ ಹೆಚ್ಚು ಕಾಲ ಬಾಳುವುದು.

೭. ಪ್ರಯೋಜನ

ಓಲೆ ಕಾಗದಗಳ ಪ್ರತಿಗಳನ್ನು ಚಿತ್ರೀಕರಿಸಬಯಸುವ ಸಣ್ಣ ಸಂಸ್ಥೆಗಳಿಗೂ ಅಧ್ಯಾಪಕರಿಗೂ ಇದರಿಂದ ಬರುವ ಪ್ರಯೋಜನವನ್ನು ಸಂಗ್ರಹವಾಗಿ ಹೇಳಿ ಮುಗಿಸುವೆನು. ಹಣವು ಮೊದಲು ಅಲುಗದ ಮುಕ್ಕಾಲಿಗೆ ಹೋಗಲಿ. ಅನಂತರ ಎರಡು ಮಗ್ಗುಲಲ್ಲಿ ಇಡುವ ಒಂದೇ ಬಗೆಯ ಎರಡು ದೀಪಗಳಿಗೆ. ಅನಂತರ ಹತ್ತಿರದ ಚಪ್ಪಟೆಯಾದ ವಸ್ತುಗಳಿಗೆಂದೇ ಮಾಡಿದ, ಅಂಗಡಿಯವರು ಮ್ಯಾಕ್ರೋ ಎನ್ನುವ ಜಾತಿಯ ಮಧ್ಯಮಬೆಲೆಯ ಮಸೂರಕ್ಕೆ. ಅದರ ಬಾಯನ್ನು ಎಂಟರ ಸುಮಾರಿಗೆ ಕಿರಿದುಮಾಡಿ, ಉದ್ದವಾದ ಗರಿಯನ್ನು ಟ್ರೈಪನು ಮಾಡಿದಂತೆ ಎರಡು ಮೂರು ಭಾಗಗಳಾಗಿ, ಒಂದರ ಅಂಚು ಮತ್ತೊಂದರಲ್ಲಿಯೂ ಬರುವಂತೆ ತೆಗೆಯತಕ್ಕುದು. ಮುಖ್ಯವಾಗಿ, ಓಲೆಯಿರುವ ಮನೆಯನ್ನು ಬಿಟ್ಟು ಹೊರಡುವ ಮುನ್ನ ಚಿತ್ರಗಳನ್ನು ದೊಡ್ಡದು ಮಾಡಿ, ಲಿಪಿ ಬಲ್ಲವನೊಬ್ಬನು ಪ್ರತಿಯೊಂದು ಗರಿಯ ಎರಡು ತುದಿಗಳನ್ನೂ ಓದಿ ನೋಡತಕ್ಕುದು. ಈ ಕೊನೆಯ ಕೆಲಸಕ್ಕೆ ಒಂದು ಕಾಸೂ ಬೇಕಾಗಿಲ್ಲ. ನಾವು ಅಂದು ಅದನ್ನು ಮಾಡಲಿಲ್ಲ.

ನನ್ನ ಪ್ರತಿಯ ಆ ಚುಕ್ಕೆಗಳ ಸ್ಥಳದಲ್ಲಿ ಯಾವ ಅಕ್ಷರವಿದ್ದಿತೋ ಇನ್ನು ತಿಳಿಯುವಂತಿಲ್ಲ. ಅದೇ ಟೀಕಿನ ಮತ್ತೊಂದು ಪ್ರತಿಯು ಯಾರ ಮನೆಯಲ್ಲಾದರೂ ಇದ್ದರೆ, ಮಹನೀಯರು ದಯಮಾಡಿ ತಿಳಿಸಬೇಕೆಂದು ಪ್ರಾರ್ಥನೆ. ಈ ಸಲ ಮುಕ್ಕಾಲಿಯನ್ನು ನಾನೇ ಹೊತ್ತು ತರುವೆನು.